ಸೊನ್ನೆ

ಫೋಕ್‌ಸ್ಟನ್, ಕನ್ನಡಕದಂಗಡಿಯ ಮಾಳಿಗೆ,
ನನ್ನ ಕಿವಿಪರೀಕ್ಷೆಯ ಕೋಣೆ. ಮಂಗಳವಾರ, ಹತ್ತೂಕಾಲು.
ಹೆಸರು: ಸೊಲಾಂಜ್ ಕೆರ್ವೆಲ್ ಪೈಪರ್.
ವಯಸ್ಸು: ಎಪ್ಪತ್ತೊಂಬತ್ತು.
ಉದ್ಯೋಗ ಎಂಬ ಖಾಲಿ ಜಾಗದಲ್ಲಿ
ಆಕೆ ಬರೆದದ್ದು: ಏಳನೆಯವಳು.

ನಾನು ಕೇಳಲಿಲ್ಲ. ಆಕೆಯೇ ಶುರುಮಾಡಿದರು
ಕೋಟಿನ ಗುಂಡಿ ಬಿಚ್ಚುತ್ತ.
ಮೊದಲ ಸಲ ಫ್ರಾನ್ಸಿಗೆ. ಇಪ್ಪತ್ತೆರಡು ವಯಸ್ಸು, ನಿಂಬೆಹಳದಿ ಲಂಗ.
ಕಪ್ಪು ಬಿಳುಪು ಟೀವಿಯಲ್ಲಿ
ನಿಂಬೆಹಳದಿ ಯಾರಿಗೆ ಕಂಡೀತು ಹೇಳಿ?
ಏಳು.
ಎರಡನೆಯ ಗುಂಡಿಗೆ ಲುಕ್ಸೆಂಬರ್ಗಿಗೆ ಬಂದಿದ್ದರು.
ಆ ದೇಶದಲ್ಲಿ ಮಲಗಿದ್ದು ಒಟ್ಟು ಎರಡು ರಾತ್ರಿಯಂತೆ.
ಸಣ್ಣ ದೇಶಗಳಿಗೆ ಕಂಠ ಬೇಕಿತ್ತು,
ನನಗೆ ಮನೆ ಬಾಡಿಗೆ ಕಟ್ಟಬೇಕಿತ್ತು.
ಮತ್ತೆ ಏಳು.
ಟೋಕಿಯೊದಲ್ಲಿ ಸಮಾಧಾನಕರ ಬಹುಮಾನ, ಒಂದು ಅಕ್ಕಿ ಬೇಯಿಸುವ ಪಾತ್ರೆ
(ನಮ್ಮ ಶಾಲೆಯಲ್ಲಾದರೆ ಸ್ಟೀಲು ಲೋಟ ಎಂದುಕೊಂಡೆ).
ಕೊನೆಗೆ ಮೊನಾಕೊ ಪರವಾಗಿ, ಇದೇ ಇಂಗ್ಲೆಂಡಿನಲ್ಲಿ.
ಹದಿನಾರು ಟೆಲಿಫೋನು,
ಹದಿನಾರು ಸಲ ಶುಭಸಂಜೆ,
ಆಕೆಯ ಹೆಸರಿನ ಮುಂದಿನ ಅಂಕಿ
ಒಮ್ಮೆಯೂ ಮಗುಚಲಿಲ್ಲ.

ಮರುದಿನ ಹಡಗಿನ ಟಿಕೆಟ್ ಕಿಂಡಿಯಲ್ಲಿದ್ದವನು
ಚಿಲ್ಲರೆ ಕೊಡುವುದ ಮರೆತು ಹೇಳಿದನಂತೆ:
ನಿನ್ನೆ, ನಿಮ್ಮ ಎರಡನೆಯ ಚರಣಕ್ಕೆ, ನಾನು ಎದ್ದು ಹೋಗಿ ಮುಖ ತೊಳೆದೆ.
ಆ ಹಡಗು ಹೋಯಿತು.
ಮುಂದಿನದೂ ಹೋಯಿತು.
ಈಗ ಹಡಗೇ ಇಲ್ಲ, ಟಿಕೆಟ್ ಕೊಡುವವನೂ ಇಲ್ಲ.
ಮೋಡವಿಲ್ಲದ ದಿನ ಆಚೆ ದಡ ಕಾಣುತ್ತದೆ,
ಅಷ್ಟೇ.

ಹೆಡ್‌ಫೋನು ತೊಡಿಸಿ ಗುಂಡಿ ಕೈಗಿತ್ತೆ.
ಸದ್ದು ಬಂದರೆ ಒತ್ತಿ, ಎಷ್ಟೇ ಮೆಲ್ಲಗಿದ್ದರೂ.
ಆಕೆ ಎದ್ದು ನಿಂತರು.
ಕೂತು ಕಾಯುವುದು ನನ್ನಿಂದಾಗದು, ಎಂದರು,
ಕಣ್ಣು ಮುಚ್ಚಿ, ಗದ್ದ ಎತ್ತಿ,
ಎಲ್ಲಿಂದಲೋ ದೀಪ ಬೀಳುವ ಕಡೆಗೆ.

ಸಾವಿರ, ಎರಡು ಸಾವಿರ. ಬೆರಳು ತಡವರಿಸಿತು.
ನಾಲ್ಕು ಸಾವಿರಕ್ಕೆ ಅಲುಗಲೇ ಇಲ್ಲ.
ಕಾಗದದ ಮೇಲೆ ಗೆರೆ
ಈ ಊರಿನ ಸುಣ್ಣದ ಬಂಡೆಯ ಹಾಗೆ
ಸ್ವಲ್ಪ ದೂರ ನೆಟ್ಟಗೆ ನಡೆದು
ಕಡಲಿಗೆ ಬಿತ್ತು.

ಎಡಗಿವಿ, ಇನ್ನೂರೈವತ್ತು, ಇಲ್ಲಿ ಸೊನ್ನೆ, ಎಂದೆ.
ಮುಖ ಬಾಡಿತು.
ಅಯ್ಯೋ ಇಲ್ಲ, ನಮ್ಮಲ್ಲಿ ಸೊನ್ನೆಗೆ ಮೇಲೆ ಮರ್ಯಾದೆ;
ತೀರ ಸಣ್ಣ ಸದ್ದೂ ನಿಮ್ಮನ್ನು ಮುಟ್ಟಿದೆ ಎಂದರ್ಥ.
ಸುಮ್ಮನಿದ್ದರು. ಆಮೇಲೆ ಗಂಭೀರವಾಗಿ:
ಇದನ್ನು ಕೊಟ್ಟದ್ದು ಯಾವ ದೇಶ?

ಹನ್ನೊಂದು ವರ್ಷವಾಯಿತು ನಾನಿಲ್ಲಿ,
ಮೇಜಿನ ಖಾನೆಯಲ್ಲಿ ಎರಡು ಪಾಸ್‌ಪೋರ್ಟು, ಒಂದರ ಮೂಲೆ ಕತ್ತರಿಸಿದ್ದು.
ಕೋಡುಬಳೆಯಂತೆ ಸುರುಳಿಗಟ್ಟಿದ ವೈರನ್ನು
ಬಿಡಿಸುವಂತೆ ನಟಿಸಿದೆ.

ಮೆಟ್ಟಿಲಿಳಿಯುತ್ತ ಏನೋ ಗುನುಗುತ್ತಿದ್ದರು.
ಮೇಲಿನ ಸ್ವರಗಳಲ್ಲಿ ಶ್ರುತಿ
ಒಂದೆಳೆ ಇಳಿದಿತ್ತು.
ಆಕೆಗೆ ಕೇಳಿಸಲಿಲ್ಲ.
ನನಗೆ ಕೇಳಿಸಿತು.