ಹುಲ್ಲಿಗೆ ಓದಲು ಬರುವುದಿಲ್ಲ

ಮೊದಲು ತಂತಿ ಹೊತ್ತವನೂ ನಾನೇ. ಅದನ್ನು ಮುಚ್ಚಿಡುವುದಿಲ್ಲ.
ಸಲಾಲಾದ ಗೋದಾಮಿನಿಂದ ವಾದಿ ಹಶೀರಿನ ಏರಿಗೆ
ದಿನಕ್ಕೆ ಮೂರು ಟ್ರಿಪ್ಪು, ಟ್ರಿಪ್ಪಿಗೆ ಹನ್ನೆರಡು ರಿಯಾಲು.
ಸಿಮೆಂಟು ಕಂಬ, ಮುಳ್ಳಿನ ಸುರುಳಿ, ಒಂದು ನೀಲಿ ಫಲಕ:
ಮೇಯಿಸುವಂತಿಲ್ಲ, ಕಡಿಯುವಂತಿಲ್ಲ,
ಬಿದ್ದ ಕಟ್ಟಿಗೆಯನ್ನೂ ಎತ್ತುವಂತಿಲ್ಲ.
ಕಾಡು ಉಳಿಯಲೆಂದೇ ಬರೆದದ್ದು. ಬರೆದವರು ಕೆಟ್ಟವರಲ್ಲ,
ಅವರಲ್ಲೊಬ್ಬ ನನಗೆ ಬೊಗಸೆ ತುಂಬ ಖರ್ಜೂರ ಕೊಟ್ಟಿದ್ದ.

ಬೇಲಿ ಮುಗಿದ ದಿನ ತುಫೂಲ್ ಬಿಂತ್ ಬಖೀತ್
ಹನ್ನೊಂದು ಒಂಟೆ, ಮೂವತ್ತು ಹಸು ನಿಲ್ಲಿಸಿಕೊಂಡು
ಮೊಮ್ಮಗನಿಂದ ಫಲಕ ಓದಿಸಿಕೊಂಡಳು. ಎರಡು ಸಲ.
ನನ್ನ ಮುಖ ನೋಡಿ, ಯಾವ ಕಬೀಲೆ ನಿನ್ನದು, ಅಂದಳು.
ಯಲ್ಲಾಪುರದ ಸಿದ್ದಿ, ಅಂದೆ.
ಗೊತ್ತಿರುವ ಕಣಿವೆಯ ಹೆಸರು ಕೇಳಿದಂತೆ ತಲೆಯಾಡಿಸಿದಳು.
ಆಮೇಲೆ ಅಂದಳು:
ಹುಲ್ಲಿಗೆ ಓದಲು ಬರುವುದಿಲ್ಲ ಮಗಾ.

ಖರೀಫಿನ ಮಂಜು ಇಳಿಯಿತು. ಮೂರು ತಿಂಗಳು ವೈಪರಿಗೆ ಬಿಡುವಿಲ್ಲ.
ಬೇಲಿಯೊಳಗೆ ಹುಲ್ಲು ಮೊಣಕಾಲಿಗೆ,
ಮರುವರ್ಷ ಸೊಂಟಕ್ಕೆ,
ಅದರ ಮರುವರ್ಷ ಹಳೆಯ ಒಣಹುಲ್ಲನ್ನೇ ಹಿಡಿದು ಹೊಸದು ಎದೆಗೇರಿತು.
ನಮ್ಮ ದಿಂಡಿಗದ ದಾಯಾದಿಯಂಥ ಆ ಮರಗಳು
ಮುರಿದ ಕೊಂಬೆಗಳನ್ನು ಕಾಲ ಬಳಿಯೇ ರಾಶಿ ಹಾಕಿಕೊಂಡವು.
ಫೋಟೊ ತೆಗೆದರು. ಹಸಿರು ಚೆನ್ನಾಗಿಯೇ ಬಂತು.

ಊರಲ್ಲಿ ಚಿಕ್ಕಮ್ಮ ಕತ್ರೀನ
ಮಾಗಿ ಮುಗಿಯುತ್ತಿದ್ದಂತೆ ತರಗು ಗುಡಿಸಿ
ಕಾಡಿನಂಚಿಗೆ ಒಂದು ಗೇಣು ಬೆಂಕಿ ಕೊಡುತ್ತಿದ್ದಳು,
ಸೊಪ್ಪಿನ ಹೊರೆ ಹಿಡಿದು ಅದರ ಪಕ್ಕದಲ್ಲೇ ನಡೆಯುತ್ತ.
ಗಾರ್ಡು ಕೇಸು ಬರೆದ.
ಸಣ್ಣ ಬೆಂಕಿಗೆ ಹೆಸರಿರುತ್ತದೆ, ವಿಳಾಸವಿರುತ್ತದೆ,
ಹೆಬ್ಬೆಟ್ಟು ಒತ್ತಿಸಿಕೊಳ್ಳಬಹುದು.
ದೊಡ್ಡದು ಯಾರ ಮನೆಯದೂ ಅಲ್ಲ.

ಜನವರಿಯಲ್ಲಿ ಬಲಾತ್ ಗಾಳಿ ಎದ್ದಿತು.
ಅದೇ ದಾರಿ, ಅದೇ ಹನ್ನೆರಡು ರಿಯಾಲು, ಈ ಸಲ ನೀರು.
ಗೇಟಿಗೆ ಬೀಗ. ಕೀಲಿ ಕಚೇರಿಯಲ್ಲಿ. ದಿನ ಶುಕ್ರವಾರ.
ಟ್ಯಾಂಕರಿನ ಮೂತಿಯಿಂದಲೇ ಗೇಟು ಕೆಡವಿದೆ,
ಅಷ್ಟರಲ್ಲಿ ಉರಿ ನೆಲ ಬಿಟ್ಟು ನೆತ್ತಿ ಹಿಡಿದಿತ್ತು,
ಒಂದು ಮರದ ತಲೆಯಿಂದ ಇನ್ನೊಂದರ ತಲೆಗೆ
ಮಾತು ದಾಟಿದಷ್ಟು ಬೇಗ.
ಎಂಟು ಸಾವಿರ ಲೀಟರು. ಉಗುಳಿದಂತಾಯಿತು.

ಬೆಳಿಗ್ಗೆ ಏರಿನ ಮೇಲಿಂದ ಕಂಡೆ:
ಕಪ್ಪು ನೇರ ಗೆರೆ ಎಳೆದು ನಿಂತಿತ್ತು,
ನಾನು ಹೊತ್ತು ತಂದ ಕಂಬಗಳ ಸಾಲಿಗೆ ಸರಿಯಾಗಿ.
ಆಚೆ, ತುಫೂಲಳ ಹಸುಗಳು ಬೋಳಿಸಿದ್ದ ನೆಲದಲ್ಲಿ
ಬೆಂಕಿ ನಾಲ್ಕು ಹೆಜ್ಜೆ ತೆವಳಿ, ತಿನ್ನಲು ಏನೂ ಸಿಗದೆ
ಸಗಣಿಯೊಂದನ್ನು ಸುಟ್ಟು ಮಲಗಿತ್ತು.

ವಿಚಾರಣೆಗೆ ಬಂದವನ ಫಾರ್ಮಿನಲ್ಲಿ
ಸಿಡಿಲು, ಸಿಗರೇಟು, ಮಾಂಸ ಸುಡುವ ಇದ್ದಿಲು, ಅಜ್ಞಾತ.
ತುಫೂಲ್ ಬಿದ್ದ ಫಲಕದ ಕಡೆ ಕೋಲು ಚಾಚಿದಳು.
ಅದಕ್ಕೆ ಕಾಲಮ್ಮಿರಲಿಲ್ಲ.

ಹದಿನೈದು ದಿನಕ್ಕೆ ಗುತ್ತಿಗೆದಾರನ ಫೋನು:
ತಂತಿ ಬಂದಿದೆ, ಟ್ರಿಪ್ಪಿಗೆ ಹದಿನಾಲ್ಕು.
ಬರುತ್ತೇನೆ ಅಂದೆ. ಮನೆಗೆ ದುಡ್ಡು ಕಳಿಸಬೇಕು.
ಇಡುವ ಮುಂಚೆ ಕೇಳಿದೆ:
ಈ ಸಲ ಹಸು ನುಗ್ಗುವಷ್ಟು ಅಗಲದ ಗೇಟು ಎಷ್ಟಿವೆ?
ಅತ್ತ ನಕ್ಕ ಸದ್ದು.
ಅದು ಡ್ರೈವರು ಕೇಳುವ ಮಾತಲ್ಲವಂತೆ.