ನಡುವೆ ಎರಡು ಖಾಲಿ ಮೊಳೆ

ಹಾಜರಿ ಪುಸ್ತಕದ ಪ್ರಕಾರ ನಾನೂ ಕಂಪೋಸರೇ:
ಹಾಲಪ್ಪ ಟಿ., ಕೊಟ್ರಬಸಪ್ಪನವರ ಪ್ರೆಸ್ಸು,
ಮಂಡಿಪೇಟೆ ಹಿಂದಿನ ಓಣಿ, ದಿನಕ್ಕೆ ಹನ್ನೊಂದು ರೂಪಾಯಿ.
ಅದಕ್ಕೇ ಜಸಿಂತಾ ಟೀಚರು ಹಾಳೆ ಮುಂದಿಟ್ಟು
‘ಇದು ಒಬ್ಬ ಕಂಪೋಸರನ ಜೀವನ’ ಅಂದಾಗ
‘ಯಾವ ಪ್ರೆಸ್ಸಿನವನು?’ ಅಂತ ಕೇಳಿಬಿಟ್ಟೆ.
ಅವರು ನಗಲಿಲ್ಲ. ಅದೊಂದು ಗುಣ ಅವರದು.

ಮಿಲ್ ಕ್ವಾರ್ಟರ್ಸಿನ ಮನೆಯಲ್ಲಿ ಪಿಯಾನೊ,
ಕಲಿಯುವ ಮಕ್ಕಳು ಏಳು,
ಶನಿವಾರ ಅವರು ನುಡಿಸುವ ದಿನ; ಪ್ರತಿ ನಲವತ್ತು ಸಾಕು.
ಅವನು ಜರ್ಮನಿಯವನು, ಸತ್ತು ನೂರಿಪ್ಪತ್ತು ವರ್ಷದ ಮೇಲಾಯ್ತು,
ಹೆಸರು ನನ್ನ ನಾಲಿಗೆಗೆ ತೊಡಕು,
ನನ್ನ ಕೇಸಿಗೂ.

ಮೊಳೆಯಲ್ಲಿ ಎಲ್ಲವೂ ತಲೆಕೆಳಗು. ಜೋಡಿಸುತ್ತ ಹೋದೆ:
ಪುಸ್ತಕ ಮಾರುವವನ ಮಗ.
ಬೆರಳು ಚುರುಕಾಗಲೆಂದು ಏನೋ ಯಂತ್ರ ಕಟ್ಟಿಕೊಂಡನಂತೆ,
ಬಲಗೈ ಬೆರಳು ಕೆಟ್ಟೇಹೋಯಿತಂತೆ.
ಇಲ್ಲಿ ಸ್ಟಿಕ್ಕು ಕೆಳಗಿಟ್ಟೆ.
ನನ್ನದು ಎಪ್ಪತ್ತೆಂಟರ ಚುನಾವಣೆ. ಟ್ರೆಡಲ್ಲು, ನಿದ್ದೆಗಣ್ಣು.
ಅರ್ಧ ಬೆರಳು ಯಾವ ಪಕ್ಷಕ್ಕೆ ಹೋಯಿತೋ,
ನನಗೆ ಉಳಿದದ್ದು ನಾಲ್ಕೂವರೆ.

ಹುಡುಗಿಯ ಅಪ್ಪ ಒಪ್ಪಲಿಲ್ಲ, ಕೋರ್ಟು ಒಪ್ಪಿತು.
ಮದುವೆಯಾದ ವರ್ಷ ನೂರಕ್ಕೂ ಮೇಲೆ ಹಾಡು.
ಕೇಸಿನಲ್ಲಿ ‘ಡು’ ಮುಗಿದೇಹೋದವು;
ಯಾರದೋ ಲಗ್ನಪತ್ರಿಕೆ ಗ್ಯಾಲಿಯಿಂದ ಎರಡು ಕದ್ದೆ.
ಅವನ ಬೆರಳಿಗಾಗದ್ದನ್ನು ಅವಳು ನುಡಿಸಿದಳು ಊರೂರು ಸುತ್ತಿ.

ಆಮೇಲೆ ಕಿವಿಯೊಳಗೆ ಒಂದೇ ಸ್ವರ.
ಹಗಲೂ ಅದೇ, ಇರುಳೂ ಅದೇ.
ನಮ್ಮಪ್ಪನಿಗೂ ಹಾಗೇ ಇತ್ತು:
ಹತ್ತಿ ಮಿಲ್ಲು ಬಾಗಿಲು ಹಾಕಿದ ಮೇಲೂ ಸೈರನ್ನು ಕೇಳಿಸಿ
ಉಣ್ಣುವಾಗ ಎದ್ದು ಚಪ್ಪಲಿ ಹುಡುಕುತ್ತಿದ್ದ.

ಫೆಬ್ರವರಿ, ಮಳೆ. ಮನೆಯಲ್ಲಿ ಆರು ಕೂಸು, ಹೊಟ್ಟೆಯಲ್ಲೊಂದು.
ಮನೆಚಪ್ಪಲಿಯಲ್ಲೇ ಹೊರಟವನು
ಸೇತುವೆಯ ಸುಂಕಕ್ಕೆ ಕಾಸಿಲ್ಲದೆ
ರೇಷ್ಮೆ ಕರವಸ್ತ್ರ ಬಿಚ್ಚಿಕೊಟ್ಟು
ನಡುಹೊಳೆಗೆ ಹಾರಿದನಂತೆ.
ಪ್ರೂಫು ನೋಡುತ್ತಿದ್ದ ಕೊಟ್ರಬಸಪ್ಪನವರು
ಕನ್ನಡಕ ತೆಗೆದರು.
‘ಸಾಯಾಕೆ ಹೋಗೋನೂ ಸುಂಕ ಕಟ್ಟಿದ್ನೇನೋ,
ನಮ್ಮ ಗಿರಾಕಿಗಳು ಬದುಕಿದ್ದೂ ಕಟ್ಟಲ್ಲ.’
ಮತ್ತೆ ಹಾಕಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ದೋಣಿಯವರು ಎತ್ತಿದರು. ಹುಚ್ಚಾಸ್ಪತ್ರೆ, ಎರಡು ವರ್ಷ.
ಅಲ್ಲಿ ಅಟ್ಲಾಸು ತೆರೆದು ಕೂತು
ಊರುಗಳ ಹೆಸರನ್ನು ಅಕ್ಷರದ ಕ್ರಮಕ್ಕೆ ಹಚ್ಚುತ್ತಿದ್ದನಂತೆ.

ಇದನ್ನು ಜೋಡಿಸುವಾಗ ಕೈ ತಾನೇ ನಿಧಾನವಾಯಿತು.
ಅ ಅನ್ನು ಅ ಮನೆಗೆ, ಕ ಅನ್ನು ಕ ಮನೆಗೆ
ಸಂಜೆಸಂಜೆ ನಾನು ಮಾಡುವುದೂ ಅದನ್ನೇ ಅಲ್ಲವೇ?
ನನಗೆ ಯಾರೂ ಹುಚ್ಚು ಅನ್ನಲಿಲ್ಲ,
ಕೂಲಿ ಕೊಟ್ಟರು.

ಪ್ರೂಫು ಒಯ್ದಾಗ ಕೇಳಿದೆ:
‘ಟೀಚರ್, ಆ ಅಟ್ಲಾಸಿನಲ್ಲಿ ನಮ್ಮೂರು ಇತ್ತೇ?’
ಗೊತ್ತಿಲ್ಲ ಅಂದರು.
ಹರೆಯದಲ್ಲಿ ಅವನು ಒಂದು ಊರಿನ ಹೆಸರಿನ ಅಕ್ಷರಗಳನ್ನೇ
ಸ್ವರ ಮಾಡಿ ಬರೆದಿದ್ದ ಅಂದರು.
ಪಿಯಾನೊ ಮುಚ್ಚಳ ಎತ್ತಿದರು:
‘ನೋಡೋಣ. ದಾ ಇದೆ. ಗೆ ಇದೆ. ರೆ ಇದೆ.
ವ, ಣ ಎರಡಕ್ಕೂ ಸ್ವರ ಇಲ್ಲವಲ್ಲ.’
‘ಅಂಥಲ್ಲಿ ನಾವು ಖಾಲಿ ಮೊಳೆ ಹಾಕ್ತೀವಿ ಟೀಚರ್.’
ಒಂದು ಮನೆ ಒತ್ತಿದರು. ಕಾದರು,
ಸರಿಯಾಗಿ ಎರಡು ಮೊಳೆಯಷ್ಟು. ಮತ್ತೆ ಎರಡು.

ಶನಿವಾರ ಕಳೆಯಿತು. ಅವನನ್ನು ಬಿಚ್ಚಿ ಕೇಸಿಗೆ ತುಂಬಿದೆ.
ಅವನ ಹೊಳೆಯ ಹೊ, ಸೋಮವಾರ
ಹೊಸ ಅಂಗಡಿಯ ಕರಪತ್ರಕ್ಕೆ ಹೋಯಿತು.
ಕದ್ದ ‘ಡು’ಗಳು ಲಗ್ನಪತ್ರಿಕೆಗೆ ಮರಳಿದವು; ತುಸು ಸವೆದಿದ್ದವು,
ಮದುಮಗಳ ಕಡೆಯವರು ಗಮನಿಸಲಿಲ್ಲ.

ಎಲ್ಲದರ ಅಡಿಯಲ್ಲೂ ಚಿಕ್ಕ ಮೊಳೆಯಲ್ಲಿ
ಪ್ರೆಸ್ಸಿನ ಹೆಸರು, ಊರಿನ ಹೆಸರು.
ದಿನಕ್ಕೆ ಹತ್ತು ಸಲ ಜೋಡಿಸುತ್ತೇನೆ.
ವ, ಣ ಬಂದಾಗ ನಾಲ್ಕೂವರೆ ಬೆರಳು
ಗಾಳಿಯಲ್ಲೇ ನಿಲ್ಲುತ್ತವೆ.
‘ಯಾಕೋ ಹಾಲಪ್ಪ, ಮೊಳೆ ಸಿಗಲಿಲ್ಲವಾ?’ ಅನ್ನುತ್ತಾರೆ ಯಜಮಾನರು.