ಮೋಡದಲ್ಲಿ ಮಡಗಿದ್ದು

ಲೆಕ್ಕಾನೆಲ್ಲ ಮೋಡದಲ್ಲಿ ಮಡಗ್ತಾರಂತೆ ಈಗ, ಅಂದೆ.
ಸಂಘದ ಜವರಾಯಿ ನಕ್ಕ:
ಮೋಡ ಯಾವತ್ತು ಏನನ್ನ ಮಡಿಕೊಂಡಿದೆ, ಚೆನ್ನಾಜಕ್ಕ,
ನಮ್ಮ ತಲೆ ಮೇಲಿಂದ ಹೊತ್ತುಕೊಂಡು ಹೋಗಿ
ಯಾರದೋ ಗದ್ದೆಗೆ ಸುರಿಯೋದು ಬಿಟ್ಟು?

ಗೆದ್ದಲು ಕಾಯುವುದಿಲ್ಲವಲ್ಲ.
ಅಪ್ಪ ನೀರುಗಂಟಿ. ಮೂವತ್ತೊಂದು ವರ್ಷ
ಯಾವ ತೂಬು ಎಷ್ಟು ಹೊತ್ತಿಗೆ ಎತ್ತಿದೆ, ಎಷ್ಟು ಹೊತ್ತಿಗೆ ಇಳಿಸಿದೆ,
ಯಾರ ಸರದಿ, ಯಾರ ತಕರಾರು,
ಹತ್ತೊಂಬತ್ತು ಪುಸ್ತಕ, ಉದ್ದನೆಯವು, ಕೆಂಪು ರಟ್ಟಿನವು.
ನಾಲ್ಕನೆಯದರ ಬೆನ್ನಿಗೆ ಆಗಲೇ ಮಣ್ಣಿನ ಗೆರೆ.

ಮಂಡ್ಯ, ನೂರಡಿ ರಸ್ತೆ, ಜೆರಾಕ್ಸ್ ಅಂಗಡಿ.
ಶಬೀನಾ ಎರಡು ಸ್ಟೂಲು ಎಳೆದಳು.
ಹೆಸರು ಕೇಳಿತು. ಊರು ಕೇಳಿತು. ಕಂಪನಿ ಯಾವುದು ಅಂತ ಕೇಳಿತು.
ಕಂಪನಿ ಇಲ್ಲ ಕಣವ್ವ, ನಾಲೆ ಐತೆ, ಅಂದೆ.
ನಾಲೆ ಅಂತಲೇ ತುಂಬಿದಳು. ಒಪ್ಪಿಕೊಂಡಿತು.

ಕಾರ್ಡು ಕೇಳಿದಾಗ ಮಾತ್ರ ಕೈ ಸೆರಗಿಗೆ ಹೋಯಿತು.
ಎರಡೇ ರೂಪಾಯಿ ಹಿಡಿಯೋದು ಆಂಟಿ, ವಾಪಸ್ ಕೊಡ್ತಾರೆ,
ನೀವು ನಿಜವಾಗ್ಲೂ ಇದ್ದೀರಾ ಅಂತ ನೋಡೋಕೆ.
ಎರಡು ರೂಪಾಯಿಗೆ ಗೊತ್ತಾಗುತ್ತದಂತೆ
ಒಬ್ಬಳು ನಿಜವಾಗಲೂ ಇದ್ದಾಳೆಂದು!
ಐವತ್ಮೂರು ವರ್ಷಕ್ಕೂ ನನಗೇ ಆಗಿರಲಿಲ್ಲ.
ಫೋನು ಗುಂಯ್ ಅಂತು. ಆರು ಅಂಕಿ.
ಇದ್ದೆ.

ಮೊದಲ ಖಾತೆಗೆ ಬೇರು ಅನ್ನುತ್ತಾರಂತೆ.
ಇದನ್ನ ದಿನಾ ಮುಟ್ಟಬಾರದು ಆಂಟಿ,
ದಿನದ ಕೆಲಸಕ್ಕೆ ಸಣ್ಣ ಕೀಲಿ ಬೇರೆ ಮಾಡಿಕೊಳ್ಳಿ.
ಅದನ್ನು ನನಗೆ ಹೇಳಿಕೊಡಬೇಕಾಗಿರಲಿಲ್ಲ.
ಕಿರುಗಾಲುವೆಯ ಹಲಗೆ ಎತ್ತಲು ಹುಡುಗರಿಗೂ ಬಿಡುತ್ತಿದ್ದ ಅಪ್ಪ,
ದೊಡ್ಡ ತೂಬಿನ ಕೀಲಿ ಸೊಂಟಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದ,
ಮದುವೆಮನೆಯಲ್ಲಿಯೂ.

ಇದು ಬಕೆಟ್ಟು, ಅಂದಳು. ಖಾಲಿ ಚೌಕ.
ಮೋಡದಲ್ಲೊಂದು ಬಕೆಟ್ಟು!
ಹಗ್ಗ ಎಲ್ಲಿ ಅಂತ ಕೇಳಬೇಕೆನಿಸಿ
ಸುಮ್ಮನಾದೆ.

ಏನನ್ನೋ ಒತ್ತಿ, ಮರೆತು, ಯಂತ್ರವೊಂದನ್ನು ಓಡಲು ಬಿಟ್ಟಿದ್ದೆವು.
ಮುಂಬೈಯಲ್ಲೆಲ್ಲೋ ಓಡಿದೆ ಅದು
ಹನ್ನೊಂದು ರಾತ್ರಿ, ಯಾರಿಗೂ ಏನೂ ಮಾಡದೆ.
ನಾನೂರ ಹದಿನಾಲ್ಕು ರೂಪಾಯಿ.
ಪುಕ್ಕಟೆ ಅಂತ ಹೇಳಿದ್ದೆನಲ್ಲ, ಅಂತ ಶಬೀನಾ ಅತ್ತೇಬಿಟ್ಟಳು.
ಅಳಬೇಡ ಮಗ. ತೂಬು ಎತ್ತಿಟ್ಟು
ನಿದ್ದೆ ಹೋದವರು ನಮ್ಮಲ್ಲೂ ಅವರೆ.
ಬೆಳಗ್ಗೆ ಬದು ಇರಲಿಲ್ಲ, ಅಷ್ಟೆ.

ಆಮೇಲೆ ಏಳನೆಯ ಪುಸ್ತಕ.
ಒಂದೊಂದೇ ಹಾಳೆಯ ಪಟ ಹಿಡಿಯುತ್ತ ಹೋಗುವಾಗ
ಅಪ್ಪನ ಓರೆ ಅಕ್ಷರ, ನೀಲಿ ಇಂಕು:
ರಾತ್ರಿ ಎರಡು ಗಂಟೆ. ಸರದಿ ಇಲ್ಲದೆ
ಪಟೇಲರ ಮನೆಯವರು ತೂಬು ಎತ್ತಿಸಿದರು.
ಬರೀಬೇಡ ಅಂದರು. ಬರೆದಿದ್ದೇನೆ.

ಪಟೇಲರ ಮೊಮ್ಮಗ ಈಗ ಸಂಘದ ಅಧ್ಯಕ್ಷ.
ಒಳ್ಳೆಯವನೇ. ಕಾಫಿ ತರಿಸಿ ಹೇಳಿದ್ದ:
ಹಳೇದೆಲ್ಲ ಯಾಕಕ್ಕ, ಈಚಿನ ನಾಲ್ಕೈದು ಪುಸ್ತಕ ಸಾಕಲ್ಲ?

ಯಾರು ಯಾರು ನೋಡಬಹುದು ಅಂತ ಪರದೆ ಕೇಳುತ್ತಿದೆ.
ಶಬೀನಾಳ ಬೆರಳು ನಿಂತಿದೆ.
ಹಿಂದೆ ಯಾರದೋ ಪಹಣಿ ಜೆರಾಕ್ಸ್ ಆಗುತ್ತಿದೆ,
ಬೆಳಕು ಹೋಗುತ್ತದೆ, ಬರುತ್ತದೆ.
ಯಾರು ನೋಡಬೇಕು ಅನ್ನೋದು ಆಮೇಲಿರಲಿ ಮಗ,
ಮೊದಲು ಏಳನೆಯದು ಹತ್ತಲಿ, ಅಂದೆ.
ನೀಲಿ ಗೆರೆ ನಿಧಾನವಾಗಿ ಬಲಕ್ಕೆ ತುಂಬಿತು,
ಒಣಗಿದ ಕಾಲುವೆಗೆ ನೀರು ಬಿಟ್ಟ ಹಾಗೆ,
ಮುಂದೆ ಒಂದಿಷ್ಟು ಕಸವನ್ನು ತಳ್ಳಿಕೊಂಡು.

ಪಾಸ್‌ವರ್ಡನ್ನು ಎಲ್ಲಿಯೂ ಬರೆದಿಡಬೇಡಿ
ಎಂದು ಕೆಂಪಕ್ಷರದಲ್ಲಿತ್ತು.
ರಾತ್ರಿ ಹತ್ತೊಂಬತ್ತನೆಯ ಪುಸ್ತಕ ತೆಗೆದೆ.
ಕೊನೆಯ ಹಾಳೆ ಖಾಲಿ ಇತ್ತು,
ಅಪ್ಪ ಗೆರೆ ಎಳೆದು ಬಿಟ್ಟದ್ದು.
ಬರೆಯಬೇಡ ಅಂದರು.
ಬರೆದಿದ್ದೇನೆ.